ತಲೆನೋವಿನವಳಿಗೆ ಕೆಲಸ ಕೊಟ್ಟ ಡಾಕ್ಟರು

ನನ್ನ ಮೈದುನನಂಥ ಕೆಟ್ಟ ವ್ಯಾಪಾರಿ ಇಡೀ ದೆಹಲಿಯಲ್ಲಿ ಇನ್ನೊಬ್ಬನಿಲ್ಲ. ಅವನು ಡಾಕ್ಟರು. ಗಿರಾಕಿಗಳು ಬರದಿದ್ದರೆ ಸಂತೋಷಪಡುತ್ತಾನೆ. ಬಹಳ ದಿನ ಬರದಿದ್ದರೆ ತಾನೇ ಫೋನ್ ಮಾಡಿ, ಚೆನ್ನಾಗಿದ್ದೀರಾ, ಏನಾದರೂ ತೊಂದರೆಯೇ ಎಂದು ಕೇಳುತ್ತಾನೆ. ಚೆನ್ನಾಗಿರುವ ಜನ ಇದಕ್ಕೆ ಏನೆಂದು ಹೇಳಿಯಾರು!

ಅವನ ಕ್ಲಿನಿಕ್ ಓಲ್ಡ್ ರಾಜಿಂದರ್ ನಗರದಲ್ಲಿ, ಎರಡು ಕೋಚಿಂಗ್ ಸೆಂಟರುಗಳ ನಡುವಿನ ಮಹಡಿಯ ಮೇಲಿದೆ. ಅಲ್ಲಿಗೆ ಹೋದಾಗಲೆಲ್ಲ ಫೀಸು ಕೊಡಬೇಕಾಗಿಲ್ಲ. ತಿಂಗಳ ಚಂದಾ ಕಟ್ಟಿ ಸದಸ್ಯರಾದರೆ ಎಷ್ಟು ಸಲವಾದರೂ ಬರಬಹುದು, ಬೇಕಾದಷ್ಟು ಹೊತ್ತು ಕೂರಬಹುದು, ಅವನ ಮೊಬೈಲಿಗೇ ಕರೆ ಮಾಡಬಹುದು. ವಿಮೆ ಕಂಪನಿ, ದೊಡ್ಡ ಆಸ್ಪತ್ರೆ, ಯಾರ ಹಂಗೂ ಇಲ್ಲ. ಕಾಯಿಲೆ ಬಾರದ ತಿಂಗಳೂ ಕೊಡಬೇಕೇ ಎಂದು ಸಂಸಾರಸ್ಥರು ಮೂಗು ಮುರಿದರು. ಐಎಎಸ್ ಪರೀಕ್ಷೆಗೆ ಓದುವವರು ಮಾತ್ರ ಮರುಮಾತಾಡದೆ ಒಪ್ಪಿದರು. ಕೋಣೆ, ಡಬ್ಬಿ ಊಟ, ಲೈಬ್ರರಿಯ ಕುರ್ಚಿ ಎಲ್ಲವನ್ನೂ ತಿಂಗಳ ಬಾಡಿಗೆಗೆ ಪಡೆಯುವವರಿಗೆ ತಿಂಗಳ ಡಾಕ್ಟರು ಯಾವ ಲೆಕ್ಕ? ಆಮೇಲೆ ಸಂಸಾರಸ್ಥರೂ ಬಂದರು. ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯವರು ತಮ್ಮ ಟೈಲರುಗಳನ್ನೆಲ್ಲ ಒಟ್ಟಿಗೆ ಸೇರಿಸಿದರು. ಒಬ್ಬೊಬ್ಬರಿಗೂ ನಲವತ್ತು ನಿಮಿಷ ಕೊಡುವ ಈ ಮನುಷ್ಯನಿಗೆ ಆಗ ಉಸಿರಾಡುವುದಕ್ಕೂ ಸಮಯವಿಲ್ಲದಂತಾಯಿತು.

ನಾನು ಮೂವತ್ತೈದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು, ಮೇಟ್ರನ್ ಆಗಿ ನಿವೃತ್ತಳಾದವಳು. ಆರು ಗಂಟೆಯೆಂದರೆ ನನಗೆ ಐದು ಐವತ್ತೈದು. ಕ್ಲಿನಿಕ್ ಬೆಳೆಯುತ್ತಿದೆ, ಶಿಸ್ತನ್ನು ನೀವು ನೋಡಿಕೊಳ್ಳಿ ಎಂದು ಕರೆದುಕೊಂಡು ಹೋದ. ಮೊದಲ ದಿನ ರಿಜಿಸ್ಟರ್ ತೆರೆದೆ. ಒಬ್ಬರ ಹೆಸರೂ ಇಲ್ಲ! ‘ಮಂಡಿನೋವಿನ ಸರ್ದಾರ್ಜಿ’, ‘ಗೊರಕೆ ಹೊಡೆಯುವ, ಇತಿಹಾಸ ಓದುವ ಹುಡುಗ’, ‘ಅತ್ತೆಯ ಮೇಲೆ ಸಿಟ್ಟು, ಆದ್ದರಿಂದ ಅಸಿಡಿಟಿ’. ಅದನ್ನು ಸರಿಪಡಿಸಲು ನನಗೆ ಒಂದು ವಾರ ಹಿಡಿಯಿತು.

ಕೆಲಸಕ್ಕೆ ಜನರನ್ನು ಆರಿಸುವ ಅವನ ಕ್ರಮವನ್ನು ಸರಿಪಡಿಸಲು ಮಾತ್ರ ಇವತ್ತಿಗೂ ಆಗಿಲ್ಲ. ಸರ್ಟಿಫಿಕೇಟು ನೋಡುವುದಿಲ್ಲ, ಅನುಭವ ಕೇಳುವುದಿಲ್ಲ. ರೋಗಿಗಳಿಗೆ ಕೇಳುವ ಪ್ರಶ್ನೆಗಳನ್ನೇ ಅಭ್ಯರ್ಥಿಗಳಿಗೂ ಕೇಳುತ್ತಾನೆ. ನಿದ್ದೆ ಹೇಗಿದೆ? ಮನೆಯಲ್ಲಿ ಯಾರ್ಯಾರಿದ್ದಾರೆ? ಸಿಟ್ಟು ಬಂದರೆ ಏನು ಮಾಡುತ್ತೀರಿ? ಮೊದಲು ಹೆಸರು ಕೇಳು ಎಂದು ನಾನು ಬಡಿದುಕೊಂಡರೆ, ಹೆಸರಿನಿಂದ ಏನು ತಿಳಿಯುತ್ತದೆ ಎನ್ನುತ್ತಿದ್ದ.

ಏನು ತಿಳಿಯುತ್ತದೆಂಬುದು ಒಂದು ಮಂಗಳವಾರ ತಿಳಿಯಿತು. ಹೊರಗೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬಳು ರಿಸೆಪ್ಷನ್ ಕೆಲಸ ಕೇಳಲು ಬಂದವಳು, ಇನ್ನೊಬ್ಬಳು ವಾರದಿಂದ ತಲೆನೋವು ಎಂದು ಬಂದವಳು. ನಾನು ಔಷಧದ ದಾಸ್ತಾನು ನೋಡಿಕೊಂಡು ಹೊರಗೆ ಬರುವಷ್ಟರಲ್ಲಿ, ಕೆಲಸ ಕೇಳಲು ಬಂದವಳು ಔಷಧದ ಚೀಟಿ ಹಿಡಿದುಕೊಂಡು, “ದೀದಿ, ಇಲ್ಲಿ ಕೆಲಸ ಸಿಗದವರಿಗೆ ಮಾತ್ರೆ ಕೊಡ್ತಾರಾ?” ಎಂದು ಹಿಂದಿಯಲ್ಲಿ ಕೇಳಿದಳು. ತಲೆನೋವಿನವಳು ಕೌಂಟರಿನಲ್ಲಿ ಕೂತು ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದಳು!

“ಅವಳು ರೋಗಿ ಕಣೋ,” ಎಂದು ಒಳಗೆ ಹೋಗಿ ಮೈದುನನಿಗೆ ಹೇಳಿದೆ.

“ಈಗ ಗೊತ್ತಾಯ್ತು ಅತ್ತಿಗೆ. ಆದ್ರೆ ತಲೆನೋವು ಇಟ್ಕೊಂಡೇ ಇಷ್ಟು ನಯವಾಗಿ ಮಾತಾಡೋಳು, ಅದು ವಾಸಿಯಾದ್ಮೇಲೆ ಹೇಗಿರ್ತಾಳೆ, ನೀವೇ ಯೋಚನೆ ಮಾಡಿ.”

ಅವಳು ಇಂದಿಗೂ ನಮ್ಮ ಕೌಂಟರಿನಲ್ಲಿದ್ದಾಳೆ. ಕೆಲಸ ಕೇಳಲು ಬಂದವಳಿಗೆ ನಿಜವಾಗಿಯೂ ರಕ್ತಹೀನತೆ ಇತ್ತು. ಅವಳು ಈಗ ಸದಸ್ಯೆ.

ಆದರೆ ಅವನ ಕೆಲಸ ಹಂಚಿಕೊಳ್ಳಲು ಬೇಕಾಗಿದ್ದ ಎರಡನೆಯ ಡಾಕ್ಟರು ಹೀಗೆಲ್ಲ ಅಕಸ್ಮಾತ್ತಾಗಿ ಸಿಗುತ್ತಾರೆಯೇ? ಬಂದವರೊಬ್ಬರು ರೋಗಿಯನ್ನು ಏಳೇ ನಿಮಿಷದಲ್ಲಿ ನೋಡಿ ಕಳಿಸಿದರು. ಇವನು ಹಿಂದೆಯೇ ಓಡಿಹೋಗಿ, ಆ ರೋಗಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಉಳಿದ ಮೂವತ್ತಮೂರು ನಿಮಿಷ ವಿಚಾರಿಸಿದ. ಆ ಡಾಕ್ಟರು ಅಂದೇ ಸಂಜೆ ನಮಸ್ಕಾರ ಹೇಳಿದರು. ಇನ್ನಿಬ್ಬರ ಕತೆಯೂ ಹೆಚ್ಚುಕಡಿಮೆ ಅದೇ.

ನಾನು ನಕ್ಕು ಸುಮ್ಮನಿರುತ್ತಿದ್ದೆನೇನೋ. ಆದರೆ ಒಂದು ದಿನ ಬಿ.ಪಿ. ಯಂತ್ರದ ಪೆಟ್ಟಿಗೆಯನ್ನು ಒರೆಸುವಾಗ ಅದರ ತಳದಲ್ಲಿ ಮಡಿಸಿಟ್ಟ ಕಾಗದ ಸಿಕ್ಕಿತು. ಅವನದೇ ಹೃದಯದ ಆಂಜಿಯೋಗ್ರಾಂ ವರದಿ. ಬೈಪಾಸ್ ಬೇಕು, ತಡ ಮಾಡಬಾರದು ಎಂದಿತ್ತು. ಬಂದು ಎರಡು ತಿಂಗಳಾಗಿತ್ತು! ಇಂಥ ವರದಿ ಇಟ್ಟುಕೊಂಡು ರೋಗಿಯೊಬ್ಬ ಓಡಾಡಿದ್ದರೆ ಇವನೇ ಆಂಬುಲೆನ್ಸಿಗೆ ಹತ್ತಿಸುತ್ತಿದ್ದ. ಕೇಳಿದರೆ, “ಎರಡನೇ ಡಾಕ್ಟರು ಸಿಗಲಿ ಅತ್ತಿಗೆ, ಮಾರನೇ ದಿನವೇ ಅಡ್ಮಿಟ್ ಆಗ್ತೀನಿ. ಇಷ್ಟು ಜನರನ್ನ ಯಾರ ಕೈಗೆ ಬಿಟ್ಟು ಹೋಗಲಿ?” ಎಂದ. ಮದುವೆಯಾಗದ ಮನುಷ್ಯ, ಬೈಯುವುದಕ್ಕೆ ಇರುವವಳು ನಾನೊಬ್ಬಳೇ. ಬೈದೆ. ಕೇಳಲಿಲ್ಲ. ಅಂದಿನಿಂದ ಅವನು ಮೆಟ್ಟಿಲು ಹತ್ತುವ ಸದ್ದನ್ನು ಎಣಿಸುತ್ತಾ ಕೂರುವುದೇ ನನ್ನ ಕೆಲಸವಾಯಿತು.

ಹೀಗಿರುವಾಗ ಆ ಕೆಲಸ ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ದೆಹಲಿಯಲ್ಲೇ ಹೋಟೆಲು ನಡೆಸುವ ಉಡುಪಿ ಕಡೆಯವರ ಮಗಳು, ಡಾಕ್ಟರು. ಕನ್ನಡ ಅರ್ಥವಾಗುತ್ತದೆ, ಉತ್ತರ ಅರ್ಧ ಹಿಂದಿಯಲ್ಲಿ ಬರುತ್ತದೆ. ಇವನು ಯಥಾಪ್ರಕಾರ ಶುರುಮಾಡಿದ.

“ನಿದ್ದೆ ಹೇಗಿದೆ?”

“ಅಚ್ಛೀ ಹೈ ಅಂಕಲ್. ನಿಮ್ದು?”

ಕೇಳಿದವರಿಗೆ ಉತ್ತರ ಕೊಡದಿರುವುದು ಅವನಿಗೆ ಗೊತ್ತಿಲ್ಲ. ಹೇಳಿದ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದ. ಅವಳು ಹೇಳಿ, ನಿಮ್ಮ ಮನೆಯಲ್ಲಿ ಎಂದಳು. ಐದನೆಯ ಪ್ರಶ್ನೆಯ ಹೊತ್ತಿಗೆ ಕೇಳುವವಳು ಅವಳು, ಹೇಳುವವನು ಇವನು!

“ಅಂಕಲ್, ನಾನು ನಿಮ್ಮ ಹಿಂದೆನೇ ಬಂದೆ. ಮೆಟ್ಟಿಲ ಮೇಲೆ ಎರಡು ಸಲ ನಿಂತ್ರಿ. ಚಲೋ, ಶರ್ಟ್ ಬಿಚ್ಚಿ.”

ಬಾಗಿಲು ಹಾಕಿಕೊಂಡಿತು. ನಾನು ಗಡಿಯಾರ ನೋಡುತ್ತಾ ಹೊರಗೆ ನಿಂತೆ. ಐವತ್ತು ನಿಮಿಷದ ಮೇಲೆ, ಕಾಪಿ ಹೊಡೆದು ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಖ ಹೊತ್ತು ಹೊರಗೆ ಬಂದ.

“ಸೋಮವಾರದಿಂದ ಬರ್ತಾಳಂತೆ ಅತ್ತಿಗೆ. ಒಂದೇ ಷರತ್ತು.”

“ಏನಂತೆ?”

“ಸೋಮವಾರ ನಾನು ಇಲ್ಲಿರಬಾರದಂತೆ.”

ಆಪರೇಷನ್ ಆಯಿತು. ನಾಲ್ಕನೆಯ ದಿನ ವಾರ್ಡಿಗೆ ತಂದರು. ಮಧ್ಯಾಹ್ನ ಕಣ್ಣು ಬಿಟ್ಟವನು ಸಣ್ಣ ದನಿಯಲ್ಲಿ, “ಅತ್ತಿಗೆ, ಅವಳು ಜನರನ್ನ ಬೇಗ ಬೇಗ ಎಬ್ಬಿಸಿ ಕಳಿಸ್ತಿದ್ದಾಳಾ?” ಎಂದ.

“ಒಬ್ಬರನ್ನೂ ಕಳಿಸ್ತಿಲ್ಲ. ಕೂರೋಕೆ ಕುರ್ಚಿ ಸಾಲದೆ ಬೆಂಚು ತರಿಸಿದೀನಿ,” ಎಂದೆ.

ಅವನು ನೆಮ್ಮದಿಯ ಉಸಿರು ಬಿಟ್ಟು ನಿದ್ದೆಗೆ ಜಾರಿದ. ಅಭ್ಯಾಸಬಲದಿಂದ ನನ್ನ ಬೆರಳು ಅವನ ಮಣಿಕಟ್ಟಿನ ನಾಡಿಗೆ ಹೋಯಿತು. ಎಣಿಸಲಿಲ್ಲ. ಸುಮ್ಮನೆ ಹಿಡಿದುಕೊಂಡು ಕೂತೆ.