ಊಟದ ಮೇಜಿನ ಮೇಲೆ ಎಲೆತೊಟ್ಟು

ಗಂಡಸರಿಗೆ ಮನೆಯಾಚೆ ಒಂದು ಚಟವಿದ್ದರೆ ಹೆಂಡತಿಯರು ಹೇಗೋ ಸಹಿಸಿಕೊಳ್ಳುತ್ತಾರೆ; ಚಟವೇ ಒಳಗೆ ಬಂದು ಊಟದ ಮೇಜು ಹಿಡಿದು ಕೂತರೆ ಕಷ್ಟ. ನನ್ನದು ಎರಡನೆಯ ಜಾತಿಯದು. ಆಂಧ್ರದ ಆದವಾನಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಎಷ್ಟೋ ವರ್ಷಗಳಿಂದ ಸೂರ್ಯಕಾಂತಿ ಕುಟುಂಬದ ಗಿಡಗಳ ಎಲೆತೊಟ್ಟು ಕೊಯ್ಯುತ್ತ ಬಂದಿದ್ದೇನೆ. ಹೂವಿದ್ದಾಗ ಗಿಡದ ಗುರುತು ಯಾರಾದರೂ ಹೇಳುತ್ತಾರೆ. ಹೂವಿಲ್ಲದಾಗ ತೊಟ್ಟನ್ನು ಬ್ಲೇಡಿನಿಂದ ಈರುಳ್ಳಿ ಪೊರೆಯಷ್ಟು ತೆಳ್ಳಗೆ ಕೊಯ್ದು, ಕೆಂಪು ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದಡಿ ಇಟ್ಟರೆ ನೀರು ಸಾಗಿಸುವ ನಾಳಗಳ ಗೊಂಚಲುಗಳು ಕಾಣುತ್ತವೆ. ಒಂದು ಗಿಡದಲ್ಲಿ ಮೂರೇ ಗೊಂಚಲು, ಇನ್ನೊಂದರಲ್ಲಿ ಬಿಲ್ಲಿನಂತೆ ಬಾಗಿದ ದೊಡ್ಡ ಸಾಲು. ಯಾವ ಗಿಡಕ್ಕೆ ಯಾವುದು ಹತ್ತಿರದ ನೆಂಟ ಎಂದು ಇದರಿಂದ ಹೇಳಬಹುದೆಂಬುದು ನನ್ನ ವಾದ. ಈ ವಾದವನ್ನು ಪೂರ್ತಿ ಕೇಳಿದವರು ಊರಲ್ಲಿ ಇಬ್ಬರೇ: ನಾನು, ಮತ್ತು ಬೇರೆ ದಾರಿಯಿಲ್ಲದ ನನ್ನ ಹೆಂಡತಿ ನೀಲಮ್ಮ.

ರೈಲು ಹಳಿಯ ಪಕ್ಕದಲ್ಲಿ ಅದೇ ಕುಟುಂಬದ ಪಾರ್ಥೇನಿಯಂ ಕಳೆ ಬೇಕಾದಷ್ಟು ಸಿಗುತ್ತದೆ. ಚೀಲ ತುಂಬ ತಂದು ಮೇಜಿನ ಮೇಲೆ ಸುರಿದು, ಕೊಯ್ದು, ಹಾಗೇ ಬಿಟ್ಟು ಕಾಲೇಜಿಗೆ ಹೋಗುತ್ತಿದ್ದೆ. ನೀಲಮ್ಮ ಅದನ್ನೆಲ್ಲ ಕೈಯಿಂದ ಬಳಿದು ಹಾಕುತ್ತಿದ್ದಳು. ಹೋದ ವರ್ಷ ಅವಳ ಕೈಗಳು ತುರಿಸತೊಡಗಿದವು. ಬೆರಳ ಸಂದಿಗಳು ಬಿರಿದು ನೀರು ಒಸರಿತು. ರೊಟ್ಟಿ ಬಡಿಯುವುದು ನಿಂತಿತು. ಪಾತ್ರೆ ತೊಳೆಯುವ ಸೋಪಿನ ದೋಷವೆಂದು ನಾನು ಮೂರು ಸಲ ಸೋಪು ಬದಲಿಸಿದೆ.

"ಸೋಪಲ್ರಿ, ನಿಮ್ಮ ಕಸ," ಎಂದಳು.

"ನನಗೇನೂ ಆಗಿಲ್ಲಲ್ಲ?"

"ನೀವು ಕೈಗೆ ಗ್ಲೌಸ್ ಹಾಕ್ಕೊಂತೀರಿ."

ಕೊನೆಗೆ ಅವಳನ್ನು ಕರೆದೊಯ್ದ ಚರ್ಮದ ವೈದ್ಯೆ ತೆಲುಗಿನವರು. "ಏಮ್ಮಾ, ಮನಿಯಾಗ ವಯ್ಯಾರಿಭಾಮ ಐತೇನು?" ಎಂದು ಕೇಳಿದರು. ತೆಲುಗಿನಲ್ಲಿ ಪಾರ್ಥೇನಿಯಮ್ಮಿಗೆ ಆ ಹೆಸರು. ಬೆಡಗಿನ ಹೆಣ್ಣು ಎಂದರ್ಥ. ನೀಲಮ್ಮ ಬಾಯಿ ತೆರೆಯುವ ಮೊದಲೇ ನಾನು, "ಅಂಥಾಕಿ ಯಾರೂ ನಮ್ಮ ಮನಿಗೆ ಬರಂಗಿಲ್ರಿ ಮೇಡಂ," ಎಂದು ನಕ್ಕೆ. ಅವರಿಬ್ಬರೂ ನಗಲಿಲ್ಲ.

ಆಟೋದಲ್ಲಿ ಅವಳು, "ಡಾಕ್ಟರಮ್ಮಗ ಯಾಕ ಸುಳ್ಳು ಹೇಳಿದ್ರಿ?" ಎಂದಳು. ಆ ಗಿಡ ಬರಿಗೈಯಲ್ಲಿ ಮುಟ್ಟಬೇಡಿ ಎಂದು ಪ್ರತಿವರ್ಷ ತರಗತಿಯಲ್ಲಿ ಪಾಠ ಮಾಡುವವನು ನಾನೇ.

ಅವಳು ಮಾಧವರಂನಲ್ಲಿರುವ ಅಕ್ಕನ ಮನೆಗೆ ಹೋದಳು. ಮೊದಲ ವಾರ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೇಜು ಪೂರ್ತಿ ನನ್ನದಾಯಿತೆಂದು ಖುಷಿಪಟ್ಟೆ. ತಿಂಗಳಾದ ಮೇಲೆ ಫೋನು ಬಂತು. "ಕೈ ಆರಾಮ ಆಗ್ಯಾವ್ರಿ. ಇವತ್ತು ಹತ್ತು ರೊಟ್ಟಿ ಬಡದೆ." ಅಷ್ಟು ಸಂತೋಷದ ದನಿಯನ್ನು ನನ್ನ ಮನೆಯಲ್ಲಿ ಯಾವಾಗ ಕೇಳಿದ್ದೆನೋ ನೆನಪಾಗಲಿಲ್ಲ. ಫೋನಿಟ್ಟು ಗಿಡಗಳನ್ನೆಲ್ಲ ಮೂಟೆ ಕಟ್ಟಿ ಹೊರಗೆ ಹಾಕಿದೆ. ಮೇಜು, ನೆಲ, ಗೋಡೆ ಎರಡೆರಡು ಸಲ ತೊಳೆದೆ. ಅವಳು ಬಂದ ಮೇಲೆ ವೈದ್ಯೆಯ ಮುಂದೆ ಕೂತು ತಪ್ಪೊಪ್ಪಿಕೊಂಡೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಮೇಲಿತ್ತು. "ಆ ಫ್ಯಾಮಿಲಿದು ಬೇರೆ ಗಿಡಾನೂ ಈಕಿಗೆ ಆಗಲಿಕ್ಕಿಲ್ಲ. ಯಾವ್ಯಾವು ಹೇಳ್ರಿ ಸಾರ್, ನಿಮಗೆ ಗೊತ್ತಲ್ಲ," ಎಂದು ಪೆನ್ನು ಹಿಡಿದರು.

ಕೇಳಿದ್ದೇ ತಡ, ಶುರುಮಾಡಿದೆ. ಚೆಂಡು ಹೂ, ಸೂರ್ಯಕಾಂತಿ, ಡೇಲಿಯಾ, ಸೇವಂತಿಗೆ. ಸೇವಂತಿಗೆಯ ತೊಟ್ಟಿನಲ್ಲಿ ನಾಳಗಳು ಹೇಗೆ ಜೋಡಿಸಿಕೊಂಡಿರುತ್ತವೆ ಎಂದು ವಿವರಿಸುತ್ತಿದ್ದಾಗ ನೀಲಮ್ಮನ ಮುಖ ಕಣ್ಣಿಗೆ ಬಿತ್ತು. ಮನೆಯ ಮುಂದೆ ಅವಳದೇ ನಾಲ್ಕು ಕುಂಡಗಳಿವೆ. ನಾಲ್ಕರಲ್ಲೂ ಸೇವಂತಿಗೆ.

"ಸೇವಂತಿಗಿನೂ ಮುಡೀಬಾರದೇನ್ರಿ?"

"ಬ್ಯಾಡ," ಎಂದೆ.

ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೇಳಿದಳು: "ಮಲ್ಲಿಗಿ?"

ಮದುವೆಯಾದಾಗಿನಿಂದ ಅವಳು ಕೇಳಿದ ಮೊದಲ ಸಸ್ಯಶಾಸ್ತ್ರದ ಪ್ರಶ್ನೆ. "ಅದು ಬ್ಯಾರೆ ಕುಟುಂಬ. ಧಾರಾಳ ಮುಡಿ," ಎಂದು ಎದೆಯುಬ್ಬಿಸಿ ಹೇಳಿದೆ.

ನೀಲಮ್ಮ ನನ್ನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ವೈದ್ಯೆಯ ಕಡೆ ತಿರುಗಿ ಕೇಳಿದಳು: "ಹೌದೇನ್ರಿ ಡಾಕ್ಟರಮ್ಮಾ?"