ಬಾಗಿಲಿಗೆ ಸಿಕ್ಕಿಬಿದ್ದ ಕವಲು ಸ್ಟ್ಯಾಂಡು

ಹೆಂಡತಿ: ರೀ, ಇನ್ನೆಷ್ಟು ಹೊತ್ತು ತಿರುಗಿಸ್ತೀರಿ? ಸ್ಟ್ಯಾಂಡಿನ ಈ ಕೈ ತಪ್ಪಿಸಿದ್ರೆ ಆ ಕೈ ಬಾಗಿಲಿಗೆ ತಗಲುತ್ತೆ. ಗರಗಸ ತರ್ಲಾ?

ಗಂಡ: ಗರಗಸದ ಮಾತು ಎತ್ತಬೇಡ. ಒಂಚೂರು ಓರೆ ಮಾಡಿದ್ರೆ ಬಂದೇಬಿಡುತ್ತೆ.

ಬರಲಿಲ್ಲ. ಮಗಳ ಹೊಸ ಬಟ್ಟೆ ಅಂಗಡಿ ಅಂದು ಮಧ್ಯಾಹ್ನವೇ ತೆರೆಯಬೇಕು. ಬಟ್ಟೆ ನೇತುಹಾಕುವ ಸ್ಟ್ಯಾಂಡನ್ನು ತಾನೇ ಮಾಡಿಕೊಡುವುದಾಗಿ ಅಪ್ಪ ಜಂಬದಿಂದ ಮಾತು ಕೊಟ್ಟಿದ್ದರು. ಯಾರ ಕಣ್ಣಿಗೂ ಬೀಳಬಾರದೆಂದು ಸಾಮಾನಿನ ಕೋಣೆಗೆ ಮರದ ನೇರ ಪಟ್ಟಿಗಳನ್ನು ಒಂದೊಂದಾಗಿ ಸಾಗಿಸಿ, ಬಾಗಿಲು ಹಾಕಿಕೊಂಡು, ಕಂಬದ ಸುತ್ತ ಕೈಗಳನ್ನು ಅಲ್ಲೇ ಜೋಡಿಸಿದ್ದರು. ಈಗ ಸ್ಟ್ಯಾಂಡು ಬಾಗಿಲಿಗೆ ಅಡ್ಡ, ಅದರ ಹಿಂದೆ ಅವರು ಬಂದಿ. ಕೆಳಗೆ ಗಾಡಿಯವನು ಹಾರ್ನ್ ಹೊಡೆಯುತ್ತಲೇ ಇದ್ದ.

ಹೆಂಡತಿ: ತಿರುಪು ಬಿಚ್ಚಿ.

ಗಂಡ: ತಿರುಪಿಲ್ಲ. ಅಂಟು. ಮಗಳ ಅಂಗಡಿಗಲ್ವಾ, ಜನ್ಮಕ್ಕೂ ಬಿಡಬಾರದು ಅಂತ...

ನಾಚಿಕೆಗೇಡೆಂದರೆ, ಕಚ್ಚಾ ಎಣ್ಣೆಯಿಂದ ಪೆಟ್ರೋಲ್ ತೆಗೆಯುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವರ ಕಸುಬೇ ಇದು. ಜಿಯೊಲೈಟ್ ಎಂಬ ಬಿಳಿ ಪುಡಿ. ಅದರ ಕಣ್ಣಿಗೆ ಕಾಣದ ರಂಧ್ರಗಳಿಗೆ ಎಣ್ಣೆಯ ನೇರ ಅಣು ನುಸುಳುತ್ತದೆ, ಒಳಗಿನ ಆಮ್ಲ ಅದಕ್ಕೆ ಕವಲು ಮೂಡಿಸುತ್ತದೆ. ಕವಲು ಹೆಚ್ಚಾದದ್ದು ಹೊರಗೆ ಬರಲಾರದೆ ಒದ್ದಾಡುತ್ತದೆ. ಕಾರ್ಖಾನೆಗೆ ಸೇರಿದ ಹೊಸಬರಿಗೆಲ್ಲ ಇದನ್ನೇ ಪಾಠ ಮಾಡಿ ಚಪ್ಪಾಳೆ ಗಿಟ್ಟಿಸಿದ ಮಹಾನುಭಾವರು ಇವರೇ.

ಗಂಡ: ಪುಡಿ ಒಳಗೆ ಕವಲು ಜಾಗ ಬದಲಾಯಿಸುತ್ತೆ ಕಣೇ. ಅತ್ತಿತ್ತ ಸರಿದು, ತೆಳ್ಳಗಾಗಿ ಹೊರಗೆ ಬರುತ್ತೆ. ಕವಲಿರೋ ಪೆಟ್ರೋಲಿಗೇ ಬೆಲೆ, ಎಂಜಿನ್ ಕಟಕಟ ಅನ್ನಲ್ಲ.

ಹೆಂಡತಿ: ಸರಿಯದೇ ಇದ್ರೆ?

ಗಂಡ: ಒಳಗೇ ಇರುತ್ತೆ.

ಹೆಂಡತಿ: ಎಷ್ಟು ಹೊತ್ತು?

ಉತ್ತರ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸ್ಟ್ಯಾಂಡನ್ನು ಇನ್ನೊಂದು ಸಲ ಓರೆ ಮಾಡಿ ನೋಡಿದರು.

ಗಂಡ: ಜಾಸ್ತಿ ಹೊತ್ತಾಗಿ, ಬಿಸಿನೂ ಏರಿದ್ರೆ... ಒಡೆಯುತ್ತೆ.

ಹೆಂಡತಿ: ಹೊತ್ತಂತೂ ಆಗಿದೆ. ಬಿಸಿ ನನಗೆ ಏರ್ತಾ ಇದೆ.

ಸ್ಟ್ಯಾಂಡಿನ ಕೈಗಳ ಸಂದಿಯಿಂದ ಗರಗಸ ಒಳಗೆ ಬಂತು. ಅವರು ಅದನ್ನು ಕೈಗೆ ತೆಗೆದುಕೊಂಡರು. ಅಣುಗಳ ಚಿತ್ರ ಬರೆದು ವಿವರಿಸಿದಾಗಲೆಲ್ಲ ಆಕಳಿಸುತ್ತಿದ್ದ ಮಗಳು, ಅಪ್ಪ ಮಾಡಿದ ಈ ಒಂದನ್ನಾದರೂ ದಿನವೂ ಮುಟ್ಟುತ್ತಾಳೆಂಬ ಆಸೆ ಅವರದು. ಕಣ್ಣು ಮುಚ್ಚಿಕೊಂಡು ಕಂಬದ ನಡುವಿಗೇ ಗರಗಸ ಹಾಕಿದರು. ಗಿಡ್ಡಗಾದ ಎರಡು ತುಂಡುಗಳೂ ತಿರುಗಿಸಿದ ಹಾಗೆ ತಿರುಗಿ, ಸಲೀಸಾಗಿ ಹೊರಗೆ ಬಂದವು.

ಹೆಂಡತಿ ಫೋನಿನಲ್ಲಿ ಮಗಳಿಗೆ ಸುದ್ದಿ ಮುಟ್ಟಿಸಿದಳು. ಮಗಳಿಗೆ ಬೇಸರವೇ ಆಗಲಿಲ್ಲ. ಬುಡದ ತುಂಡು ಪುಟ್ಟ ಮಕ್ಕಳ ಬಟ್ಟೆಗೆ ಹೇಳಿಮಾಡಿಸಿದ ಹಾಗಿರುತ್ತದೆ, ಮೇಲಿನದನ್ನು ಗೋಡೆಗೆ ಹೊಡೆಸುತ್ತೇನೆ, ಅಪ್ಪನಿಗೆ ಹೇಗೆ ಹೊಳೆಯಿತು ಎಂದು ಕೇಳಿದಳು. ಅಪ್ಪನ ಮುಖ ಊರಗಲವಾಯಿತು.

ಗಂಡ: ನೋಡಿದ್ಯಾ? ಒಡೆದ ಚೂರಿಗೂ ಉಪಯೋಗ ಇದೆ. ಇದೆಲ್ಲ ನನ್ನ ಲೆಕ್ಕಾಚಾರದಲ್ಲೇ ಇತ್ತು.

ಹೆಂಡತಿ ಗರಗಸವನ್ನು ಮೊಳೆಗೆ ಸಿಕ್ಕಿಸಲು ಹೊರಟಳು. ಅವರು ಕೋಣೆಯ ಮೂಲೆಯತ್ತ ನೋಡಿದರು. ಅಲ್ಲಿ ಹಳೇ ಹೊದಿಕೆಯ ಕೆಳಗೆ ಏನೋ ಎತ್ತರವಾಗಿ ನಿಂತಿತ್ತು.

ಗಂಡ: ಆ ಗರಗಸ ಈಗಲೇ ಎತ್ತಿಡಬೇಡ.

ಹೆಂಡತಿ: ಯಾಕೆ?

ಗಂಡ: ಈ ಸ್ಟ್ಯಾಂಡಿನ ಜೋಡಿ ಒಳಗಿದೆ. ಸ್ವಲ್ಪ ದೊಡ್ಡದು.