ನೀಲಿಯವರ ಕೈಲಿ ಕೆಂಪು ಓಟು

ಇದನ್ನೆಲ್ಲ ನನಗೆ ಮೊದಲು ಹೇಳಿದ್ದು ವನಜ ಚಿಕ್ಕಮ್ಮ, ನಮ್ಮಮ್ಮನ ಕೊನೆಯ ತಂಗಿ. ಮದುವೆಯಾಗಿ ಮೈಸೂರಿನಿಂದ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಹೋದವರು, ಅಲ್ಲಿನ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಬಿಡುವಾದಾಗಲೆಲ್ಲ ಅಲ್ಲಿನ ಕೆಂಪು ಪಕ್ಷಕ್ಕೆ ಓಟು ಕೇಳಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡರು. ಓಟು ಕೇಳಿಕೊಂಡು ಮನೆಮನೆಗೆ ಹೋಗೋರು ತಮಾಷೆ ಹುಡುಕಬೇಕಿಲ್ಲ, ಅದೇ ಬಾಗಿಲು ತೆಗೆದುಕೊಂಡು ನಿಂತಿರುತ್ತೆ ಅನ್ನೋದು ಅವರ ಮಾತು.

ಚಿಕ್ಕಪ್ಪ ಹೋದ ಮೇಲೆ ಈಗ ಅಮೆರಿಕದ ಡುವಾಲ್ ಅನ್ನೋ ಹಳ್ಳಿಯಂಥ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಗುರುವಾರ ಮಗಳು ನಾನಿರುವ ಫ್ಯಾಕ್ಟೋರಿಯಾದ ಆಫೀಸಿಗೆ ಬರುವಾಗ ಇವರನ್ನು ನಮ್ಮ ಮನೆಯಲ್ಲಿಳಿಸಿ ಹೋಗುತ್ತಾಳೆ. ನಾನು ಮನೆಯಿಂದಲೇ ಕೆಲಸ ಮಾಡುವವಳು. ಮೀಟಿಂಗಿಗೂ ಮೀಟಿಂಗಿಗೂ ನಡುವೆ ಕಾಫಿ, ಕಾಫಿಯ ಜೊತೆ ಇಂಗ್ಲೆಂಡ್.

"ಡುವಾಲ್ ಚೆನ್ನಾಗಿದೆ ಕಣೇ, ಹಸು ಇದೆ, ಹೊಲ ಇದೆ. ಆದ್ರೆ ಪಕ್ಕದ ಮನೆಗೆ ಹೋಗೋಕೆ ಕಾರು ತೆಗೀಬೇಕು. ತಟ್ಟೋಕೆ ಒಂದು ಬಾಗಿಲಿಲ್ಲ" ಅಂತಾರೆ. ಅಂದು ಬೆರಳ ಗಂಟಿನಿಂದ ನಮ್ಮ ಊಟದ ಟೇಬಲ್ಲನ್ನೇ ಎರಡು ಸಲ ತಟ್ಟುತ್ತಾರೆ.

ಕೇಸರಿಬಾತಿನ ಸೌಟು

ಆ ದೇಶದಲ್ಲಿ ಬಾಗಿಲಿನಲ್ಲೇ ಒಂದು ಸೀಳು ಇರುತ್ತದಂತೆ, ಕಾಗದ ಪತ್ರ ಒಳಗೆ ಬೀಳಲು. ಪಕ್ಷದ ಕರಪತ್ರವನ್ನೂ ಅದರಲ್ಲೇ ತೂರಿಸಬೇಕು. ಸೀಳಿನ ಆಚೆ ನಾಯಿ ಕಾದಿರುತ್ತದೆ. ಅದಕ್ಕೇ ಅನುಭವಸ್ಥರು ಬೆರಳಿನಿಂದ ತೂರಿಸುವುದಿಲ್ಲ, ಮರದ ಸೌಟಿನಿಂದ ತಳ್ಳುತ್ತಾರೆ. ಎಲ್ಲ ಪಕ್ಷದವರ ಚೀಲದಲ್ಲೂ ಒಂದೊಂದು ಸೌಟು. ಸಿದ್ಧಾಂತ ಬೇರೆ, ಬೆರಳು ಎಲ್ಲರಿಗೂ ಒಂದೇ.

ಚಿಕ್ಕಮ್ಮ ತಾವಿದ್ದ ಬೀದಿಗೆ ಆಗ ಹೊಸದಾಗಿ ಬಂದಿದ್ದರು. ಕರಪತ್ರ ಹಂಚುವ ಮೊದಲ ದಿನ, ಮನೆಯಲ್ಲಿದ್ದ ಸೌಟನ್ನೇ ತೊಗೊಂಡು ಹೊರಟರು. ಅದು ಬೆಳಿಗ್ಗೆ ಕೇಸರಿಬಾತ್ ಕೆದಕಿದ ಸೌಟು. ತೊಳೆದಿದ್ದರು, ಆದರೆ ತುಪ್ಪ ಅಷ್ಟು ಸುಲಭವಾಗಿ ಹೋಗುತ್ತದೆಯೇ? ಎದುರುಮನೆಯ ಸೀಳಿಗೆ ತೂರಿಸಿದ್ದೇ ತಡ, ಒಳಗಿನ ನಾಯಿ ಸೌಟನ್ನೇ ಎಳೆದುಕೊಂಡು ಹೋಯಿತು. ಅತ್ತೆ ಕೊಟ್ಟ ಸೌಟು! ಬಿಟ್ಟು ಬರೋ ಹಾಗಿಲ್ಲ. ಗಂಟೆ ಒತ್ತಿದರು. ಬಾಗಿಲು ತೆಗೆದವರು ಉದ್ದಕ್ಕೆ ಬೆಳೆದ ಒಬ್ಬ ಇಂಗ್ಲಿಷಿನವರು, ಕೋಟಿನ ಮೇಲೆ ನೀಲಿ ಪಕ್ಷದ ರಿಬ್ಬನ್ ಹೂವು. ಎದುರು ಪಕ್ಷದ ಹಳೇ ಹುಲಿ. ಅವತ್ತಿನಿಂದ ಚಿಕ್ಕಮ್ಮನ ಬಾಯಲ್ಲಿ ಅವರ ಹೆಸರು 'ನೀಲಿಯವರು'. ಇನ್ನೊಂದು ವಿಷಯ, ಚಿಕ್ಕಮ್ಮ ಹೇಳುವಾಗ ನೀಲಿಯವರು ಅಚ್ಚ ಮೈಸೂರು ಕನ್ನಡದಲ್ಲೇ ಮಾತಾಡುತ್ತಾರೆ.

ನೀಲಿಯವರು ಸೌಟನ್ನು ನಾಯಿಯ ಬಾಯಿಂದ ಬಿಡಿಸಿ, ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರಂತೆ. "ಅಮ್ಮಾ, ಈ ಮನೆಯಲ್ಲಿ ನಿಮಗೆ ಓಟು ಸಿಗಲ್ಲ. ಆದ್ರೆ ನಾಯಿ ಮಾತ್ರ ಇವತ್ತೇ ಪಕ್ಷಾಂತರ ಮಾಡಿದೆ."

ಟೀ ಕೊಟ್ಟವರೆಲ್ಲ ನಮ್ಮವರು

ಮನೆಮನೆಗೆ ಹೋದಾಗ ಒಂದೊಂದು ಹೆಸರಿನ ಮುಂದೂ ಗುರುತು ಹಾಕಬೇಕು. ಇವರು ನಮ್ಮವರು, ಇವರು ಅವರವರು, ಇವರು ಅಡ್ಡಗೋಡೆ ಮೇಲೆ ದೀಪ ಇಟ್ಟೋರು. ಚುನಾವಣೆಯ ದಿನ ನಮ್ಮವರನ್ನು ಮಾತ್ರ ಎಬ್ಬಿಸಿ ಕಳಿಸೋದು. ಅವರವರನ್ನು ಮಲಗಲು ಬಿಡೋದು. ಚುನಾವಣಾ ತಂತ್ರ ಅಂದರೆ ಇಷ್ಟೇ, ಉಳಿದದ್ದೆಲ್ಲ ಟೀವಿಯವರಿಗೆ ಅನ್ನ.

ಪಕ್ಕದ ಬೀದಿ ಮುಗಿಸಿ ಬಂದಾಗ ಚಿಕ್ಕಮ್ಮನ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟು ಮಿಕ್ಕವರೆಲ್ಲ 'ನಮ್ಮವರು'. ಪಕ್ಷದ ಏಜೆಂಟ್‌ಗೆ ಕಣ್ಣಲ್ಲಿ ನೀರು. "ಹೇಗೆ ಸಾಧಿಸಿದಿರಿ?"

"ಎಲ್ಲರೂ ಒಳಗೆ ಕರೆದರು, ಟೀ ಕೊಟ್ಟರು. ನಿಮ್ಮ ಮಾತು ತುಂಬಾ ಸ್ವಾರಸ್ಯವಾಗಿದೆ, ಖಂಡಿತ ಯೋಚಿಸ್ತೀವಿ ಅಂದರು."

ಇವರ ಲೆಕ್ಕ ಮೈಸೂರಿನದು. ಒಳಗೆ ಕರೆದು ಕಾಫಿ ಕೊಟ್ಟು, ಹೊರಡುವಾಗ ಅರಿಶಿನ ಕುಂಕುಮ ಕೊಟ್ಟ ಮೇಲೆ ಆ ಮನೆ ನಮ್ಮದೇ ತಾನೇ? ಒಬ್ಬನೇ ಒಬ್ಬ, ಮೂಲೆಮನೆಯವನು, "ಐದು ವರ್ಷ ಎಲ್ಲಿ ಸತ್ತಿದ್ರಿ? ರಸ್ತೆ ಗುಂಡಿ ನೋಡಿದ್ರಾ? ನಾಚಿಕೆ ಆಗಲ್ವಾ?" ಅಂತ ಬೈದು ಬಾಗಿಲು ಹಾಕಿಕೊಂಡಿದ್ದ. ಅವನೊಬ್ಬನ ಮುಂದೆ ದೊಡ್ಡದಾಗಿ ಅಡ್ಡಗೆರೆ.

ಬೀದಿಯೆಲ್ಲ ನಮ್ಮವರೇ ಅಂತ ಚುನಾವಣೆಯ ದಿನ ಏಜೆಂಟ್ ಆ ಬೀದಿಯವರನ್ನೆಲ್ಲ ಎಬ್ಬಿಸಿ ಓಟಿಗೆ ಕಳಿಸಿದ. ಪಕ್ಷ ಮಕಾಡೆ ಮಲಗಿತು. ಆಮೇಲೆ ಆತ ಚಿಕ್ಕಮ್ಮನನ್ನು ಕೂರಿಸಿಕೊಂಡು ತಾಳ್ಮೆಯಿಂದ ಹೇಳಿದನಂತೆ: "ನೋಡಿ, ನಮ್ಮ ಜನ ಟೀ ಕೊಟ್ಟರು ಅಂದ್ರೆ ಅದು ಸಂತಾಪ. ಆ ಮೂಲೆಮನೆಯವನು ಅಪ್ಪನ ಕಾಲದಿಂದ ಕೆಂಪು. ಇಡೀ ಬೀದಿಯಲ್ಲಿ ನಮಗೆ ಓಟು ಹಾಕಿದವನು ಬಹುಶಃ ಅವನೊಬ್ಬನೇ."

"ನನಗೆ ಹೊಳೀಲೇ ಇಲ್ಲ ನೋಡು" ಅಂತಾರೆ ಚಿಕ್ಕಮ್ಮ. "ಬೈಯೋ ಹಕ್ಕು ಮನೆಯೋರಿಗೆ ತಾನೇ ಇರೋದು? ಇಲ್ಲಿ ನನ್ನನ್ನ ಯಾರೂ ಬೈಯೋದೇ ಇಲ್ಲ ಕಣೇ. ಸೂಪರ್‌ಮಾರ್ಕೆಟ್ಟಿನಲ್ಲಿ ದಾರಿಗಡ್ಡ ನಿಂತ್ರೂ ಅವರೇ ಸಾರಿ ಅಂತಾರೆ."

ಗುಂಡಗಿನ ಅಕ್ಷರ

ಮತಗಟ್ಟೆಯ ಬಾಗಿಲಲ್ಲಿ ಒಂದೊಂದು ಪಕ್ಷದಿಂದ ಒಬ್ಬೊಬ್ಬರು ಕುರ್ಚಿ ಹಾಕಿಕೊಂಡು ಕೂರುತ್ತಾರಂತೆ. ಓಟು ಹಾಕಿ ಬಂದವರ ಕ್ರಮಸಂಖ್ಯೆ ಕೇಳಿ ಬರೆದುಕೊಂಡರೆ, ಇನ್ನೂ ಬಾರದ ನಮ್ಮವರು ಯಾರು ಅಂತ ತಿಳಿಯುತ್ತದೆ. ಚಿಕ್ಕಮ್ಮ ಮತ್ತು ನೀಲಿಯವರು ಬೆಳಿಗ್ಗೆ ಒಟ್ಟಿಗೇ ನಡೆದುಕೊಂಡು ಹೋಗಿ, ತಮ್ಮ ತಮ್ಮ ಓಟು ಹಾಕಿ, ಅಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಇವರದು ಪುಳಿಯೋಗರೆ, ಅವರದು ಫ್ಲಾಸ್ಕಿನ ಟೀ. ಅಲ್ಲಿ ಚುನಾವಣೆ ಯಾವಾಗಲೂ ಗುರುವಾರ. "ರಾಯರ ವಾರ! ಆ ಜನಕ್ಕೆ ಗೊತ್ತಿಲ್ಲದೇನೇ ಒಳ್ಳೇ ದಿನ ಆರಿಸಿಕೊಂಡಿದಾರೆ."

ಒಂದು ಚುನಾವಣೆಯಲ್ಲಿ ನೀಲಿಯವರಿಗೆ ವಿಪರೀತ ನೆಗಡಿ. "ಒಂದರ್ಧ ಗಂಟೆ ಮನೆಗೆ ಹೋಗಿ ಬರ್ತೀನಿ, ನನ್ನದೂ ಬರೆದುಕೊಳ್ತೀರಾ?" ಅಂದರು. ಹೋದವರು ಮಲಗಿಬಿಟ್ಟರು. ಚಿಕ್ಕಮ್ಮ ಸಂಜೆಯವರೆಗೂ ಎರಡೂ ಪಕ್ಷದ ಲೆಕ್ಕ ಬರೆದರು, ಮೇಷ್ಟರ ಗುಂಡಗಿನ ಅಕ್ಷರದಲ್ಲಿ. ಆ ಸಲ ನೀಲಿ ಪಕ್ಷ ಗೆದ್ದಿತು. ಅವರ ಕಚೇರಿಯಿಂದ ಚಿಕ್ಕಮ್ಮನಿಗೆ ಒಂದು ಹೂಗುಚ್ಛ ಬಂತು. ಜೊತೆಯಲ್ಲಿದ್ದ ಚೀಟಿ: "ಇಷ್ಟು ವರ್ಷದಲ್ಲಿ ಮೊದಲ ಸಲ ನಮಗೆ ನಮ್ಮ ಪಟ್ಟಿ ಓದೋಕಾಯಿತು."

ಫ್ಯಾಕ್ಟೋರಿಯಾದಲ್ಲಿ ಒಂದು ಗಂಟೆ

ಇಲ್ಲಿ ಮತಗಟ್ಟೆಯೂ ಇಲ್ಲ, ಕುರ್ಚಿಯೂ ಇಲ್ಲ. ಓಟಿನ ಕಾಗದ ಅಂಚೆಯಲ್ಲಿ ಮನೆಗೇ ಬರುತ್ತದೆ. ಚಿಕ್ಕಮ್ಮನ ಮಗಳು ಗುರುತು ಹಾಕಿ, ಕಾರಿನ ಕಿಟಕಿಯಿಂದಲೇ ಕೈ ಚಾಚಿ ಲೈಬ್ರರಿ ಮುಂದಿನ ಡಬ್ಬಕ್ಕೆ ಹಾಕುವುದನ್ನು ಅವರು ಒಂದು ಸಲ ನೋಡಿದರು. "ಇದೇನೇ, ಇಳಿದು ಕೂಡ ಹಾಕ್ಲಿಲ್ವಲ್ಲೇ?" ಅಂತ ನನ್ನ ಹತ್ತಿರ ಬಂದು ಪೇಚಾಡಿದರು. ನನ್ನ ಪಾಡು ಇನ್ನೂ ಚೆಂದ. ಮೈಸೂರಿನ ಮತದಾರರ ಪಟ್ಟಿಯಿಂದ ನನ್ನ ಹೆಸರು ಹೋಗಿದೆ, ಇಲ್ಲಿಯ ಪಟ್ಟಿಗೆ ಇನ್ನೂ ಬಂದಿಲ್ಲ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವಳಿಗೆ ಕಾರಿಂದ ಇಳಿದು ಹಾಕೋ ಓಟೂ ಇಲ್ಲ, ಇಳಿಯದೆ ಹಾಕೋ ಓಟೂ ಇಲ್ಲ.

ಹೀಗಿರುವಾಗ ಒಂದು ಗುರುವಾರ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ಕೈಯಲ್ಲಿ ಫೋನು, ಅಂಗಿಯ ಮೇಲೆ ಯಾವುದೋ ಅಭ್ಯರ್ಥಿಯ ಬಿಲ್ಲೆ ಧರಿಸಿದ ಒಬ್ಬ ಹೆಂಗಸು. ಫೋನು ನೋಡಿ, ಈ ಮನೆಯನ್ನು ನಮಗೆ ಮಾರಿ ಹೋದವರ ಹೆಸರು ಹೇಳಿದಳು. ಅವರಿಲ್ಲ ಅಂತ ಹೇಳಲು ನಾನು ಬಾಯಿ ತೆಗೆಯುವಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮ ಓಡಿಬಂದರು. ಈ ದೇಶಕ್ಕೆ ಬಂದ ಮೇಲೆ ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಒಳಗೆ ಬಾಮ್ಮ, ಕೂತ್ಕೋ" ಅಂತ ಇಂಗ್ಲಿಷಿನಲ್ಲಿ ಉಪಚರಿಸಿ, ಕಾಫಿ, ಕೋಡುಬಳೆ ಕೊಟ್ಟು, ಪಾಠ ಶುರುಮಾಡಿದರು. "ಫೋನು ನೋಡ್ಕೊಂಡು ಮಾತಾಡಬಾರದು. ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ನಿಲ್ಲಬೇಕು. ಮೊದಲು ಓಟಿನ ಮಾತಲ್ಲ, ಕಸದ ಲಾರಿ ಸರಿಯಾಗಿ ಬರ್ತಿದ್ಯಾ ಅಂತ ಕೇಳಬೇಕು." ಪಾಪ, ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಗಂಟೆಯಾದ ಮೇಲೆ, "ಹಾಗಾದ್ರೆ ನಿಮ್ಮಿಬ್ಬರ ಓಟು ನಮಗೆ ಅಂತ ಬರ್ಕೊಳ್ಳಲಾ?" ಅಂದಳು.

"ಓಟಾ? ನನಗಿಲ್ಲಿ ಓಟಿಲ್ಲ. ಇವಳಿಗೂ ಇಲ್ಲ."

ಆಕೆ ಹೋದ ಮೇಲೆ ನಾನು ರೇಗಿದೆ. "ಅಷ್ಟು ಹೊತ್ತು ಕೂರಿಸ್ಕೊಂಡು ಅವಳ ಕೆಲಸ ಕೆಡಿಸಿದ್ರಲ್ಲ ಚಿಕ್ಕಮ್ಮ!"

"ಎದುರು ಪಕ್ಷದವಳಿದ್ರೆ? ಯಾವುದಕ್ಕೂ ಇರಲಿ ಅಂತ" ಅಂದರು. ಆದರೆ ಆಕೆ ಬೀದಿಯ ತಿರುವು ದಾಟಿದ ಮೇಲೂ ಬಾಗಿಲು ಹಾಕಲಿಲ್ಲ, ಅಲ್ಲೇ ನಿಂತಿದ್ದರು.

ಪ್ರಾಕ್ಸಿ

ಇಂಗ್ಲೆಂಡಿನ ಪೌರತ್ವ ಇರುವುದರಿಂದ ಅಲ್ಲಿನ ಸಂಸತ್ತಿನ ಚುನಾವಣೆಗೆ ಚಿಕ್ಕಮ್ಮನಿಗೆ ಇನ್ನೂ ಓಟಿದೆ. ಅಂಚೆಯಲ್ಲಿ ತರಿಸಬಹುದು. ಹಿಂದೊಮ್ಮೆ ತರಿಸಿದ್ದರು. ಫಲಿತಾಂಶ ಬಂದ ಮೇಲೆ ಕಾಗದ ಬಂತು, ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಬಂದ ಹಾಗೆ.

ಇನ್ನೊಂದು ದಾರಿ ಪ್ರಾಕ್ಸಿ. ನಮಗೆ ಪ್ರಾಕ್ಸಿ ಅಂದರೆ ಕಾಲೇಜಿನಲ್ಲಿ ಗೆಳತಿಯ ಹಾಜರಿ ಕೂಗಿದಾಗ ಧ್ವನಿ ಬದಲಿಸಿ 'ಪ್ರೆಸೆಂಟ್' ಅನ್ನುವುದು. ಆ ದೇಶದಲ್ಲಿ ಅದು ಕಾನೂನು. ನಂಬಿಕಸ್ಥರೊಬ್ಬರನ್ನು ನೇಮಿಸಿದರೆ, ಅವರು ನಮ್ಮ ಮತಗಟ್ಟೆಗೆ ಹೋಗಿ ನಮ್ಮ ಓಟು ಹಾಕಿ ಬರುತ್ತಾರೆ.

ಈ ಸಲದ ಚುನಾವಣೆಗೆ ನಿಮ್ಮ ಓಟು ಯಾರು ಹಾಕ್ತಾರೆ ಅಂತ ಕೇಳಿದೆ. ಚಿಕ್ಕಮ್ಮ ಆಗಲೇ ಏರ್ಪಾಡು ಮಾಡಿಯಾಗಿತ್ತು. ನೀಲಿಯವರು!

"ಎದುರು ಪಕ್ಷದವರ ಕೈಗೆ ಓಟು ಕೊಟ್ರಾ? ನಿಮ್ಮ ಪಕ್ಷದಲ್ಲಿ ಯಾರೂ ಇರ್ಲಿಲ್ವಾ?"

"ನಮ್ಮೋರು ಮರೀತಾರೆ ಕಣೇ. ಇವರು ನನ್ನ ಸೌಟು ತೊಳೆದು ಕೊಟ್ಟೋರು."

ಚುನಾವಣೆಯ ಗುರುವಾರ ಚಿಕ್ಕಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ, ಸೀರೆಯ ಮೇಲೆ ಹಳೇ ಕೆಂಪು ರಿಬ್ಬನ್ ಹೂವು ಚುಚ್ಚಿಕೊಂಡು ನಮ್ಮ ಮನೆಗೆ ಬಂದರು. ಅಲ್ಲಿ ಆಗಲೇ ಸಂಜೆ. ತಿಂಡಿ ಬೇಡ, ಕಾಫಿ ಬೇಡ. "ಹೋದ್ರೋ ಇಲ್ವೋ. ಮಂಡಿನೋವು ಬೇರೆ." ಕೊನೆಗೆ ತಡೆಯಲಾರದೆ ಫೋನು ಮಾಡಿ, ಸ್ಪೀಕರ್ ಹಾಕಿದರು. ಆವತ್ತು ನೀಲಿಯವರ ಧ್ವನಿಯನ್ನು ನಾನೇ ಕೇಳಿದೆ. ಇಂಗ್ಲಿಷೇ ಮಾತಾಡಿದರು, ಆದರೆ ನನಗೂ ಈಗ ಅದು ಮೈಸೂರು ಕನ್ನಡದಲ್ಲೇ ನೆನಪಿದೆ.

"ಹಾಕಿದ್ರಾ?"

"ಹಾಕಿದೆ. ಮೊದಲು ನನ್ನದು, ಆಮೇಲೆ ನಿಮ್ಮದು. ಜೀವಮಾನದಲ್ಲಿ ಮೊದಲ ಸಲ ಆ ಹೆಸರಿನ ಮುಂದೆ ಗುರುತು ಹಾಕಿದ್ದು, ಪೆನ್ಸಿಲ್ ಹಿಡಿದು ತುಂಬಾ ಹೊತ್ತು ನಿಂತುಬಿಟ್ಟೆ. ಹುಷಾರಾಗಿದೀರಾ, ನೀರು ಬೇಕಾ ಅಂತ ಅಲ್ಲಿಯವರು ಕೇಳಿದರು. ಹೊರಗೆ ನಮ್ಮ ಪಕ್ಷದವನು, 'ಎಂದಿನ ಹಾಗೆ ನಮಗೇ ತಾನೇ ಸಾರ್?' ಅಂದ. ಅರ್ಧ ಅಂದೆ."

ನನಗೆ ಸುಮ್ಮನಿರಲಾಗಲಿಲ್ಲ. "ಅಲ್ಲ, ನಿಮ್ಮಿಬ್ಬರ ಓಟೂ ಒಂದಕ್ಕೊಂದು ವಜಾ ಆಯ್ತಲ್ಲ! ನೀವು ಮನೇಲೇ ಕೂತಿದ್ರೂ ಅಷ್ಟೇ ಆಗ್ತಿತ್ತು."

"ಮೊದಲಿಂದಲೂ ಹಾಗೇ ಅಲ್ವೇನಮ್ಮಾ?" ಅಂದರು ನೀಲಿಯವರು. "ಆದ್ರೆ ವಜಾ ಮಾಡೋಕೆ ಇಬ್ಬರೂ ಜೊತೇಲಿ ನಡ್ಕೊಂಡು ಹೋಗ್ತಿದ್ವಿ. ಇವತ್ತು ದಾರಿ ಉದ್ದ ಅನ್ನಿಸಿತು."

ಚಿಕ್ಕಮ್ಮ ಫೋನನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಆ ಕಡೆಯಿಂದ ಅವರೇ ಮುಂದುವರಿಸಿದರು. "ಅಂದಹಾಗೆ, ನಿಮ್ಮ ಮನೆ ತೊಗೊಂಡೋರು ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದಾರೆ. ಕೊನೆಗೂ ಆ ಮನೆ ಗೆದ್ದೆ ನಾನು."

"ಥೂ ನಿಮ್ಮ!" ಅಂದರು ಚಿಕ್ಕಮ್ಮ. ಅವರ ಮುಖ ಅಷ್ಟು ಅರಳಿದ್ದನ್ನು ಈ ಊರಿನಲ್ಲಿ ನಾನು ಕಂಡಿರಲಿಲ್ಲ.

"ಮುಂದಿನ ಸಲ ನನ್ನ ಮಂಡಿ ಪೂರ್ತಿ ಕೈಕೊಟ್ಟರೆ, ನೀವು ಬಂದು ನನ್ನ ಪ್ರಾಕ್ಸಿ ಹಾಕಬೇಕು. ನೀಲಿಗೆ."

"ಈ ಕೈ ಬಿದ್ದುಹೋದ್ರೂ ಹಾಕಲ್ಲ!" ಅಂತ ಕೂಗಿ ಫೋನಿಟ್ಟರು. ರಿಬ್ಬನ್ ಹೂವು ಸರಿಮಾಡಿಕೊಂಡರು. ಟೇಬಲ್ಲನ್ನು ಎರಡು ಸಲ ತಟ್ಟಿದರು. ಆಮೇಲೆ ನನ್ನ ಲ್ಯಾಪ್‌ಟಾಪ್ ಕಡೆ ನೋಡಿ, ಮೆಲ್ಲಗೆ, "ಲೇ, ಇಲ್ಲಿಂದ ಲಂಡನ್ನಿಗೆ ಟಿಕೆಟ್ಟು ಯಾವಾಗ ಬುಕ್ ಮಾಡಿದ್ರೆ ಅಗ್ಗ ಅಂತ ನೋಡೇ" ಅಂದರು.

ಇದನ್ನು ಬರೆಯಲು ಚಿಕ್ಕಮ್ಮ ಒಂದು ಷರತ್ತು ಹಾಕಿದ್ದಾರೆ. ಓದಿದವರು ಇನ್ನೊಬ್ಬರಿಗೆ ಹೇಳಬೇಕು, ಅದೂ ತಮ್ಮ ಎದುರು ಪಕ್ಷದವರೊಬ್ಬರ ಬಾಗಿಲು ತಟ್ಟಿ. ನಮ್ಮವರಿಗೆ ಹೇಳಿದ್ದು ಲೆಕ್ಕಕ್ಕಿಲ್ಲವಂತೆ. ತಟ್ಟಿದ ಮೇಲೆ ಎರಡು ಹೆಜ್ಜೆ ಹಿಂದಕ್ಕೆ ನಿಲ್ಲುವುದನ್ನು ಮರೆಯಬೇಡಿ.